ಫ್ಯಾನಿ ಫಾರ್ಮರ್

ಫ್ಯಾನಿ ಮೆರಿಟ್ ಫಾರ್ಮರ್ (1857–1915) ಅಮೆರಿಕದ ಪಾಕಶಾಸ್ತ್ರ ಶಿಕ್ಷಕಿ ಹಾಗೂ ಲೇಖಕಿ. ಮನೆಯಡುಗೆಯ ವಿಧಾನಗಳಲ್ಲಿ ನಿಖರವಾದ, ಸಮಮಟ್ಟದ ಅಳತೆಗಳನ್ನು ಜನಪ್ರಿಯಗೊಳಿಸಿದವರೆಂದು ಇವರು ಪ್ರಸಿದ್ಧರಾಗಿದ್ದಾರೆ.

ಆರಂಭಿಕ ಜೀವನ

ಫ್ಯಾನಿಯವರು 1857ರ ಮಾರ್ಚ್ 23ರಂದು ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ ಜನಿಸಿದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಬೆಲೆ ಕೊಡುತ್ತಿದ್ದ ಕುಟುಂಬವು ಇವರನ್ನು ಕಾಲೇಜಿಗೆ ಕಳುಹಿಸಲು ಬಯಸಿತ್ತು. ಆದರೆ ಹದಿಹರೆಯದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಕಾರಣ ಶಾಲೆಯನ್ನು ಬಿಡಬೇಕಾಯಿತು. ಹಲವು ವರ್ಷ ನಡೆಯಲಾಗದೆ ಮನೆಯಲ್ಲೇ ಉಳಿದ ಅವರು ಕ್ರಮೇಣ ಚೇತರಿಸಿಕೊಂಡು ಅಡುಗೆಯ ಹೊಣೆ ಹೊತ್ತರು. ಜೀವನವಿಡೀ ಅವರು ಕುಂಟುತ್ತಲೇ ನಡೆದರು.

ಬಾಸ್ಟನ್ ಪಾಕಶಾಲೆ

ಸುಮಾರು ಮೂವತ್ತನೆಯ ವಯಸ್ಸಿನಲ್ಲಿ ಬಾಸ್ಟನ್ ಕುಕಿಂಗ್ ಸ್ಕೂಲ್ ಸೇರಿ, 1889ರಲ್ಲಿ ತರಬೇತಿ ಪೂರ್ಣಗೊಳಿಸಿದರು. ಅಲ್ಲಿಯೇ ಸಹಾಯಕಿಯಾಗಿ, ಮುಂದೆ ಮುಖ್ಯಸ್ಥೆಯಾಗಿ ಸೇವೆ ಸಲ್ಲಿಸಿದರು. 1896ರಲ್ಲಿ ಇವರ ದಿ ಬಾಸ್ಟನ್ ಕುಕಿಂಗ್-ಸ್ಕೂಲ್ ಕುಕ್ ಬುಕ್ ಪ್ರಕಟವಾಯಿತು. ಮಾರಾಟದ ಬಗ್ಗೆ ನಂಬಿಕೆಯಿಲ್ಲದ ಲಿಟಲ್, ಬ್ರೌನ್ ಪ್ರಕಾಶನ ಸಂಸ್ಥೆಯು ಲೇಖಕಿಯ ಖರ್ಚಿನಲ್ಲಿಯೇ 3,000 ಪ್ರತಿಗಳನ್ನು ಮುದ್ರಿಸಿತು. ಪುಸ್ತಕವು ಅಪಾರ ಜನಪ್ರಿಯತೆ ಗಳಿಸಿ, ಅನೇಕ ಆವೃತ್ತಿಗಳನ್ನು ಕಂಡಿತು.

ಅಳತೆಯ ಸುಧಾರಣೆ

ಆ ಕಾಲದ ಕುಟುಂಬಗಳ ಕೈಬರಹದ ಅಡುಗೆ ಪುಸ್ತಕಗಳಲ್ಲಿ ಮೊಟ್ಟೆಗಾತ್ರದ ಬೆಣ್ಣೆ, ಒಂದು ಹಿಡಿ ಹಿಟ್ಟು ಎಂಬಂತಹ ಅಂದಾಜುಗಳು ಸಾಮಾನ್ಯವಾಗಿದ್ದವು. ತಾಯಿಯ ಬಳಿ ನಿಂತು ಕಲಿತವರಿಗೆ ಮಾತ್ರ ಅವು ಅರ್ಥವಾಗುತ್ತಿದ್ದವು. ಬಟ್ಟಲು ಮತ್ತು ಚಮಚಗಳ ಅಳತೆಯನ್ನು ಮೇರಿ ಲಿಂಕನ್ ಮೊದಲಾದವರು ಅದಾಗಲೇ ಬಳಸಿದ್ದರು. ಫಾರ್ಮರ್ ಅವರು ಚಮಚದ ಅಂಚಿನ ಮೇಲೆ ಉಳಿದದ್ದನ್ನು ಚಾಕುವಿನಿಂದ ಸವರಿ ತೆಗೆಯುವ ಸಮಮಟ್ಟದ ಅಳತೆಯನ್ನೇ ನಿಯಮವನ್ನಾಗಿಸಿದರು.

ಮನೆಯಲ್ಲಿ ತಯಾರಿಸುವ ಸಿಹಿತಿಂಡಿಗಳಿಗೆ ಈ ನಿಖರತೆ ವಿಶೇಷವಾಗಿ ಉಪಯುಕ್ತವಾಯಿತು. 1880ರ ದಶಕದ ಕೊನೆಯ ವೇಳೆಗೆ ವಾಸರ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರು ಫಡ್ಜ್ ಎಂಬ ಸಿಹಿಯನ್ನು ತಯಾರಿಸುತ್ತಿದ್ದರು. ಫಾರ್ಮರ್ ಅವರ ಪುಸ್ತಕದ ಚಾಕೊಲೇಟ್ ಕ್ರೀಮ್ ಕ್ಯಾಂಡಿ ಇದೇ ಬಗೆಯದು. ಎರಡು ಬಟ್ಟಲು ಸಕ್ಕರೆ, ಮೂರನೇ ಎರಡು ಬಟ್ಟಲು ಹಾಲು, ಬೆಣ್ಣೆ ಹಾಗೂ ಸಿಹಿಯಿಲ್ಲದ ಚಾಕೊಲೇಟನ್ನು 13 ನಿಮಿಷ ಕುದಿಸಿ, ಒಲೆಯಿಂದಿಳಿಸಿ, ವೆನಿಲ್ಲಾ ಬೆರೆಸಿ ಗಟ್ಟಿಯಾಗತೊಡಗುವವರೆಗೆ ಕದಡಿ, ಬೆಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ಇಂತಹ ಸಿಹಿಯಲ್ಲಿ ಪಾಕದ ಹದ ಮೀರಿದರೆ ತುಂಡು ಗಡುಸಾಗುತ್ತದೆ, ಹದಕ್ಕೆ ಬಾರದಿದ್ದರೆ ಗಟ್ಟಿಯಾಗುವುದಿಲ್ಲ. ಸಕ್ಕರೆಯ ಹರಳುಗಳು ಸಣ್ಣದಾದಷ್ಟೂ ಅದು ನುಣುಪಾಗುತ್ತದೆ.

ಕೊನೆಯ ವರ್ಷಗಳು

1902ರಲ್ಲಿ ಫಾರ್ಮರ್ ಅವರು ಬಾಸ್ಟನ್ನಿನಲ್ಲಿ ಸ್ವಂತ ಪಾಕಶಾಲೆಯನ್ನು ಸ್ಥಾಪಿಸಿದರು. ರೋಗಿಗಳ ಆಹಾರದ ಕುರಿತ ಕೃತಿಯನ್ನು 1904ರಲ್ಲಿ ಪ್ರಕಟಿಸಿದರು. ಕಾಲೇಜು ಶಿಕ್ಷಣದಿಂದ ವಂಚಿತರಾಗಿದ್ದ ಇವರು ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪಥ್ಯಾಹಾರದ ಬಗ್ಗೆ ಉಪನ್ಯಾಸ ನೀಡಿದರು. ಮತ್ತೆ ನಡೆಯುವ ಶಕ್ತಿ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತು ಬೋಧಿಸಿದರು. 1915ರ ಜನವರಿಯಲ್ಲಿ ಬಾಸ್ಟನ್ನಿನಲ್ಲಿ ನಿಧನರಾದರು. ಇವರ ಪುಸ್ತಕದ ಪರಿಷ್ಕೃತ ಆವೃತ್ತಿಗಳು ಫ್ಯಾನಿ ಫಾರ್ಮರ್ ಕುಕ್ ಬುಕ್ ಎಂಬ ಹೆಸರಿನಲ್ಲಿ ಮುಂದುವರಿದವು.