ಶ್ರೀ ಎಸ್. ನಿಜಲಿಂಗಪ್ಪನವರ ಚರಿತ್ರೆ

ಮರಳಿಯಿಂದ ಗಂಗಾವತಿಯ ಕಡೆಗೆ ಹೊರಟವರಿಗೆ ಇಂದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಕಣ್ಣಿಗೆ ಬೀಳುವುವು. ಈ ಸೀಮೆಯು 1948ರ ಸೆಪ್ಟೆಂಬರದವರೆಗೂ ನಿಜಾಮನ ಆಳಿಕೆಯಲ್ಲಿದ್ದಿತೆಂಬುದನ್ನೂ, ಸರಕಾರಿ ಕಾಗದಪತ್ರಗಳು ಉರ್ದುವಿನಲ್ಲಿ ನಡೆಯುತ್ತಿದ್ದುವೆಂಬುದನ್ನೂ, ಆಮೇಲೆಯೂ ಎಂಟು ವರ್ಷ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ಹೈದರಾಬಾದು ರಾಜ್ಯದ ರಾಯಚೂರು ಜಿಲ್ಲೆಯೊಳಗೇ ಉಳಿದಿದ್ದುವೆಂಬುದನ್ನೂ ಎಳೆಯರಿಗೆ ಹಿರಿಯರೇ ಹೇಳಬೇಕಾಗಿದೆ. 1956ನೆಯ ನವೆಂಬರ 1ರಂದು ನಮ್ಮನ್ನು ಕನ್ನಡ ನಾಡಿನೊಳಗೆ ಬರಮಾಡಿಕೊಂಡ ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿಗಳಾದವರು ಶ್ರೀ ಎಸ್. ನಿಜಲಿಂಗಪ್ಪನವರು. ಅವರ ಚರಿತ್ರೆಯಲ್ಲಿ ಮಾನವೂ ಉಂಟು, ನಿಂದೆಯೂ ಉಂಟು. ಎರಡನ್ನೂ ಭಕ್ತಜನರ ಮುಂದಿರಿಸುವುದು ಯುಕ್ತವೆಂದು ತೋರುತ್ತದೆ.

ಬಳ್ಳಾರಿ ಸೀಮೆಯ ಹಲುವಾಗಲು ಗ್ರಾಮದಲ್ಲಿ 1902ನೆಯ ಡಿಸೆಂಬರ 10ರಂದು ಒಂದು ಲಿಂಗಾಯತ ಮನೆತನದಲ್ಲಿ ಅವರು ಜನಿಸಿದರು. ತಂದೆಯನ್ನು ಎಳೆತನದಲ್ಲಿಯೇ ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1924ರಲ್ಲಿ ಬಿ.ಎ. ಮುಗಿಸಿ, ಪುಣೆಯಲ್ಲಿ ಕಾನೂನು ಕಲಿತು, ಚಿತ್ರದುರ್ಗದಲ್ಲಿ ವಕೀಲಿ ಹೂಡಿದರು. ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ 1924ರ ಕಾಂಗ್ರೆಸ್ಸಿಗೆ ಪ್ರೇಕ್ಷಕರಾಗಿ ಹೋಗಿಬಂದ ಈ ಯುವಕರು ಮುಂದೆ ಹನ್ನೆರಡು ವರ್ಷಕ್ಕೆ ಅದರ ಕಾರ್ಯಕರ್ತರಾದರು. 1939ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಈಚಲ ಮರ ಕಡಿಯುವ ಅರಣ್ಯ ಸತ್ಯಾಗ್ರಹದ ಮುಂದಾಳುತನ ವಹಿಸಿ ಸೆರೆಮನೆ ಕಂಡರು. ರಾಜ್ಯಾಂಗ ರಚನಾ ಸಭೆಯಲ್ಲಿ ಕುಳಿತರು. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆರಿಸಿಬಂದರು.

ಏಕೀಕರಣದ ಕಾರ್ಯವು ಹೇಳಿದಷ್ಟು ಸುಲಭವಾಗಿರಲಿಲ್ಲ. ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದರು. 1953ರಲ್ಲಿ ಅದರಗುಂಚಿಯ ಶಂಕರಗೌಡರು ಉಪವಾಸ ಹೂಡಿದರು. ವರ್ಷ ಕಳೆಯುವುದರೊಳಗಾಗಿ ಫಜಲ್ ಅಲಿಯವರ ಆಯೋಗವು ನೇಮಕವಾಯಿತು. 1955ರ ಅದರ ವರದಿಯು ಒಂದು ಕೈಯಿಂದ ಕರ್ನಾಟಕವನ್ನು ಕೊಟ್ಟು, ಇನ್ನೊಂದು ಕೈಯಿಂದ ಬಳ್ಳಾರಿ, ಹೊಸಪೇಟೆ, ಸಿರಗುಪ್ಪಗಳನ್ನು ಆಂಧ್ರಕ್ಕೆ ಕೊಡಹೊರಟಿತು. ಹಾಗಾಗಿದ್ದರೆ ನಮ್ಮ ಗದ್ದೆಗಳ ನೀರಿನ ಮೂಲವಾದ ತುಂಗಭದ್ರೆಯ ಅಣೆಕಟ್ಟು ಯಾರ ಕೈಯಲ್ಲಿರುತ್ತಿದ್ದಿತೆಂಬುದನ್ನು ರೈತರು ತಾವೇ ಊಹಿಸಿಕೊಳ್ಳಬಹುದು. ಕನ್ನಡಿಗರ ಪ್ರತಿಭಟನೆಯಿಂದ ಆ ತಾಲೂಕುಗಳು ಉಳಿದುವು.

ಹಳೆಯ ಮೈಸೂರಿನವರ ಅಂಜಿಕೆಯು ಇದಕ್ಕಿಂತಲೂ ಕಠಿನವಾದ ತೊಡಕಾಗಿದ್ದಿತು. ಎಲ್ಲ ಸೀಮೆಗಳೂ ಕೂಡಿದರೆ ರಾಜ್ಯವು ಲಿಂಗಾಯತರ ವಶವಾಗುವುದೆಂದು ಅಲ್ಲಿ ಬಹುಜನ ನಂಬಿದ್ದರು. ಆಯೋಗವು ಇದನ್ನು ತೂಗಿ ನೋಡಿ, ಕೂಡಿದ ರಾಜ್ಯದಲ್ಲಿ ಲಿಂಗಾಯತರು ನೂರಕ್ಕೆ 20ಕ್ಕಿಂತ ತುಸು ಹೆಚ್ಚಾದಾರೆಂದು ಅಂದಾಜು ಮಾಡಿತು. ಆ ಅಂಜಿಕೆಯ ನಡುವೆಯೂ ಏಕೀಕರಣಕ್ಕೆ ಬೆಂಬಲವಿತ್ತ ಕೆಂಗಲ್ ಹನುಮಂತಯ್ಯನವರನ್ನು ನಾವು ಮರೆಯತಕ್ಕದ್ದಲ್ಲ. ತಮ್ಮವರ ವಿರಸವನ್ನು ಕಟ್ಟಿಕೊಂಡು ಅವರು ಆ ಕೆಲಸ ಮಾಡಿದರು. ನಿಜಲಿಂಗಪ್ಪನವರಾದರೋ ಅಧಿಕಾರಕ್ಕೆ ಬಂದು ಎರಡು ವರ್ಷ ತುಂಬುವುದರೊಳಗೆ ಸ್ವಪಕ್ಷದ ಶಾಸಕರ ಭಿನ್ನಮತದಿಂದ 1958ರ ಮೇ ತಿಂಗಳಲ್ಲಿ ಪದವಿಯನ್ನು ಬಿಟ್ಟಿಳಿದರು. ಅವರ ಸ್ಥಾನಕ್ಕೆ ಬಂದ ಬಿ.ಡಿ. ಜತ್ತಿಯವರೂ ಲಿಂಗಾಯತರೇ. ಒಂದೇ ಮತದವರಾದ ಮಾತ್ರಕ್ಕೆ ಒಂದೇ ಮತಿಯವರಾಗುವುದಿಲ್ಲವೆಂಬುದು ಅಂಜಿದವರಿಗೂ ಆಗ ತಿಳಿದಿರಬೇಕು.

1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿದರು. ಎಸ್.ಆರ್. ಕಂಠಿಯವರು ಮೂರು ತಿಂಗಳು ಮುಖ್ಯಮಂತ್ರಿಗಳಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದೊಡನೆ ಆ ಪೀಠವನ್ನು ಅವರಿಗೆ ಬಿಟ್ಟುಕೊಟ್ಟರು. ಏರಿದವರು ತಾವಾಗಿ ಇಳಿದ ಇಂತಹ ನಿದರ್ಶನವು ನಮ್ಮ ರಾಜಕಾರಣದಲ್ಲಿ ವಿರಳ.

ಎರಡನೆಯ ಸಲದ ಆಡಳಿತದ ಮೊದಲಲ್ಲಿಯೇ ನಮ್ಮ ಸಮಾಜಕ್ಕೆ ಹತ್ತಿರದ ವಿವಾದವೊಂದು ಬಂದಿತು. ನಾಗನಗೌಡರ ಸಮಿತಿಯು ಲಿಂಗಾಯತರನ್ನು ಹಿಂದುಳಿದವರೆಂದು ಎಣಿಸಬಾರದೆಂದಿದ್ದಿತು. ಹಿಂದಿನ ಸರಕಾರವು ಅದನ್ನು ಒಪ್ಪದೆ ಅವರನ್ನು ಸೇರಿಸಿತು. ನಿಜಲಿಂಗಪ್ಪನವರ ಸರಕಾರವು 1962ರ ಜುಲೈಯಲ್ಲಿ ಅದೇ ಪಟ್ಟಿಯನ್ನು ಉಳಿಸಿಕೊಂಡು, ಇಂಜಿನಿಯರಿಂಗು, ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟಿತು. ಸರ್ವೋಚ್ಚ ನ್ಯಾಯಾಲಯವು ಬಾಲಾಜಿ ಎಂಬವರ ದಾವೆಯಲ್ಲಿ ಆ ಆಜ್ಞೆಯನ್ನು ರದ್ದುಪಡಿಸಿತು. ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದು ವಿಧಿಸಿತು. ಇದನ್ನು ಮುಚ್ಚಿಡುವುದರಿಂದ ನಮಗೆ ಗೌರವ ಬಾರದು. ಬಲ್ಲಿದರೂ ಬಡವರೂ ಒಂದೇ ಸಮಾಜದಲ್ಲಿರುವಾಗ ಬಲ್ಲಿದರು ಬಡವರ ಪಾಲಿಗೆ ಕೈಯಿಡುವರೆಂಬ ಆಕ್ಷೇಪಣೆಯಲ್ಲಿ ಹುರುಳಿದ್ದಿತು.

ಆ ಆರು ವರ್ಷಗಳಲ್ಲಿ ಶರಾವತಿಯ ವಿದ್ಯುತ್ತು ಹರಿಯತೊಡಗಿತು, ಆಲಮಟ್ಟಿಗೆ ಅಡಿಗಲ್ಲು ಬಿದ್ದಿತು. ಮಹಾರಾಷ್ಟ್ರದೊಡನಿದ್ದ ಗಡಿತಂಟೆಗೆ 1966ರಲ್ಲಿ ಮಹಾಜನ ಆಯೋಗವು ನೇಮಕವಾಗಿ, ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಬೇಕೆಂದೂ ಕಾಸರಗೋಡು ಮೈಸೂರಿಗೆ ಸೇರಬೇಕೆಂದೂ 1967ರಲ್ಲಿ ಹೇಳಿತು. ಬೆಳಗಾವಿ ಉಳಿಯಿತು, ಕಾಸರಗೋಡು ಬರಲಿಲ್ಲ.

1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರು ವರ್ಷವೇ ರಾಷ್ಟ್ರಪತಿ ಜಾಕೀರ ಹುಸೇನರು ತೀರಿಕೊಂಡರು. ಪಕ್ಷವು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯನ್ನಾಗಿ ಆರಿಸಿತು; ಪ್ರಧಾನಿ ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರತ್ತ ಹೊರಳಿತು. ಅದೇ ಜುಲೈಯಲ್ಲಿ ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾಗಿ ಜನಮನವೂ ಅವರ ಕಡೆ ವಾಲಿತು. ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೂಡಿಸಲು ನಿಜಲಿಂಗಪ್ಪನವರು ಜನಸಂಘ, ಸ್ವತಂತ್ರ ಪಕ್ಷಗಳ ಮುಂದಾಳುಗಳನ್ನು ಕಂಡರು. ಶಿಸ್ತಿನ ಹೆಸರಿನಲ್ಲಿ ಹೋರಾಡುವವರು ಎದುರು ಪಕ್ಷದವರ ನೆರವು ಕೇಳಿದುದು ಅವರ ಕೈಯಲ್ಲಿದ್ದ ನ್ಯಾಯವನ್ನು ಅರ್ಧ ಕಳೆಯಿತೆಂದೇ ನಮ್ಮ ಭಾವನೆ. ಪ್ರಧಾನಿಯ ಪಕ್ಷದವರಿಗೆ ಅದೇ ಆಯುಧವಾಯಿತು; ಆತ್ಮಸಾಕ್ಷಿಯಂತೆ ಮತವೀಯಿರೆಂಬ ಕೂಗೆದ್ದಿತು, ಗಿರಿಯವರು ಗೆದ್ದರು. ನವೆಂಬರ 12ರಂದು ಅಧ್ಯಕ್ಷರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ನಾಡನ್ನು ಕೂಡಿಸಲು ದುಡಿದವರ ಕೈಯಿಂದಲೇ ಪಕ್ಷವು ಎರಡಾಯಿತು. ಆದರೂ ಪಕ್ಷವು ವ್ಯಕ್ತಿಗಿಂತ ದೊಡ್ಡದೆಂಬ ಅವರ ಮೂಲ ವಾದವನ್ನು 1975ರ ತುರ್ತುಪರಿಸ್ಥಿತಿಯ ತರುವಾಯ ಅನೇಕರು ಮತ್ತೆ ನೆನೆದರು.

1971ರ ಲೋಕಸಭೆಯ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೆ ಹೋದುವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರನ್ನು 1973ರಲ್ಲಿ ಇಟ್ಟುದೂ ಆ ಪಕ್ಷದ ದೇವರಾಜ ಅರಸರ ಸರಕಾರವೇ.

ಆಮೇಲೆ ನಿಜಲಿಂಗಪ್ಪನವರು ಮೆಲ್ಲಮೆಲ್ಲನೆ ರಾಜಕಾರಣದಿಂದ ದೂರ ಸರಿದರು. ಕೊಪ್ಪಳವು ಬೇರೆ ಜಿಲ್ಲೆಯಾದ 1997ರಲ್ಲಿಯೂ ಅವರು ಜೀವಿಸಿದ್ದರು. 2000ನೆಯ ಆಗಸ್ಟ 8ರಂದು, 97ರ ವಯಸ್ಸಿನಲ್ಲಿ, ಚಿತ್ರದುರ್ಗದಲ್ಲಿ ಲಿಂಗೈಕ್ಯರಾದರು. ಆ ಊರಿನ ಹೊರಗೆ ಸೀಬಾರದಲ್ಲಿ ಅವರ ಸ್ಮಾರಕವಿದೆ.