ಟ್ರ್ವಾ ಪಟ್ಟಣದ ಗುರು ರಾಶಿ

ರಾಜ್ಯಗಳನ್ನು ಗೆದ್ದು ಹೆಸರಾದವರ ಚರಿತ್ರೆಯನ್ನು ನಾವೆಲ್ಲರೂ ಶಾಲೆಯಲ್ಲಿ ಬೇಕಾದಷ್ಟು ಓದಿದ್ದೇವೆ. ಪಾಠ ಹೇಳುವುದೊಂದರಿಂದಲೇ ಚಿರಕೀರ್ತಿಯನ್ನು ಪಡೆದವರು ವಿರಳರು. ಅಂಥವರಲ್ಲಿ ಒಬ್ಬನಾದ ರಾಶಿ ಎಂಬ ಯೆಹೂದ್ಯ ಗುರುವಿನ ಜೀವಿತವನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಈತನು ಕಾಲವಾಗಿ ಒಂಬೈನೂರು ವರ್ಷಗಳ ಮೇಲಾದರೂ, ಯೆಹೂದ್ಯರ ಮಕ್ಕಳು ಮೋಶೆಯ ಗ್ರಂಥಗಳನ್ನು ಓದಲು ಆರಂಭಿಸುವಾಗ ಈತನ ವಿವರಣೆಯ ಕೈ ಹಿಡಿದೇ ಮುಂದೆ ಹೋಗುತ್ತಾರೆ. ರಾಶಿ ಎಂಬುದು ನಮ್ಮ ಕನ್ನಡದ ಮಾತಲ್ಲ. ರಬ್ಬಿ ಶೆಲೊಮೊ ಯಿತ್ಸ್‌ಹಾಕಿ, ಅಂದರೆ ಇಸಾಕನ ಮಗನಾದ ಸೊಲೊಮೋನ ಗುರು, ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ನಾಮಧೇಯವದು.

ಈತನ ಕೆಲಸದ ಬೆಲೆ ತಿಳಿಯಬೇಕಾದರೆ ಯೆಹೂದ್ಯರ ಒಂದು ಪದ್ಧತಿಯನ್ನು ಮೊದಲು ಅರಿಯಬೇಕು. ನಮ್ಮ ಸತ್ಯವೇದದ ಆರಂಭದಲ್ಲಿರುವ ಮೋಶೆಯ ಐದು ಗ್ರಂಥಗಳನ್ನು ಅವರು ತೋರಾ ಎಂದು ಕರೆಯುತ್ತಾರೆ. ಅದನ್ನು 54 ಭಾಗಗಳಾಗಿ ವಿಂಗಡಿಸಿ, ಪ್ರತಿ ಸಬ್ಬತ್ ದಿನದಲ್ಲಿ ಒಂದು ಭಾಗವನ್ನು, ಕೆಲವು ವಾರಗಳಲ್ಲಿ ಎರಡನ್ನು ಕೂಡಿಸಿ, ಸಭಾಮಂದಿರದಲ್ಲಿ ಓದುತ್ತಾರೆ. ಹೀಗೆ ವರ್ಷಕ್ಕೊಮ್ಮೆ ಗ್ರಂಥವೆಲ್ಲವೂ ಮುಗಿಯುತ್ತದೆ. ಧರ್ಮೋಪದೇಶಕಾಂಡದ ಕೊನೆಯ ಮಾತನ್ನು ಓದಿ ಮುಗಿಸಿದ ಹಬ್ಬದ ದಿನವೇ ಆದಿಕಾಂಡದ ಮೊದಲ ಮಾತನ್ನು ಪುನಃ ತೆರೆಯುತ್ತಾರೆ. ಓದುವುದಷ್ಟೇ ಸಾಲದು, ಆ ವಾರದ ಭಾಗವು ಆ ವಾರದ ನಡತೆಗೆ ಏನನ್ನು ಕಲಿಸುತ್ತದೆಂದು ವಿಚಾರಿಸುವುದೂ ಅವರಲ್ಲಿ ಪುರಾತನ ಕಾಲದಿಂದ ನಡೆದುಬಂದ ರೂಢಿ. ಈ ವಿಚಾರಕ್ಕೆ ರಾಶಿಗಿಂತ ಹೆಚ್ಚಾಗಿ ನೆರವಾದವರು ಬೇರೊಬ್ಬರಿಲ್ಲ.

ರಾಶಿಯು ಉತ್ತರ ಫ್ರಾನ್ಸಿನ ಷಾಂಪೇನ್ ಸೀಮೆಯ ಟ್ರ್ವಾ ಪಟ್ಟಣದಲ್ಲಿ 1040ರಲ್ಲಿ ಜನಿಸಿದನು. ಅದು ವ್ಯಾಪಾರದ ಊರು. ಸುತ್ತಲೂ ದ್ರಾಕ್ಷಿಯ ತೋಟಗಳು. ಅಲ್ಲಿನ ಯೆಹೂದ್ಯರ ಸಂಖ್ಯೆ ಅಲ್ಪವಾಗಿತ್ತು. ಉನ್ನತ ವಿದ್ಯೆಯನ್ನು ಬಯಸುವವರು ರೈನ್ ನದಿಯ ತೀರದ ಮೈಂಟ್ಸ್ ಮತ್ತು ವೋರ್ಮ್ಸ್ ಪಟ್ಟಣಗಳ ವಿದ್ಯಾಪೀಠಗಳಿಗೆ ಹೋಗಬೇಕಾಗಿತ್ತು. ರಾಶಿಯೂ ಅಲ್ಲಿಗೆ ಹೋಗಿ, ಮೈಂಟ್ಸ್‌ನಲ್ಲಿ ಯಾಕೋಬ ಬೆನ್ ಯಾಕಾರನೆಂಬ ವೃದ್ಧ ಗುರುವಿನ ಬಳಿಯಲ್ಲಿಯೂ, ಬಳಿಕ ಇತರ ಗುರುಗಳ ಬಳಿಯಲ್ಲಿಯೂ ವ್ಯಾಸಂಗ ಮಾಡಿದನು. ಅಷ್ಟರೊಳಗೆ ಆತನಿಗೆ ವಿವಾಹವಾಗಿತ್ತು. ಸಂಸಾರದ ಹೊರೆ ಹೆಗಲ ಮೇಲಿರಲು, ಅನ್ನವಸ್ತ್ರಗಳ ಕೊರತೆಯ ನಡುವೆ ತಾನು ಓದಬೇಕಾಯಿತೆಂದು ಆತನೇ ಬರೆದಿಟ್ಟಿದ್ದಾನೆ. ಶುಲ್ಕವನ್ನು ಒದಗಿಸಲು ಕಷ್ಟಪಟ್ಟ ತಂದೆತಾಯಿಗಳಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ.

ಸುಮಾರು ಇಪ್ಪತ್ತೈದನೆಯ ವಯಸ್ಸಿನಲ್ಲಿ ಸ್ವಸ್ಥಳಕ್ಕೆ ಹಿಂದಿರುಗಿ, ಕೆಲವು ವರ್ಷಗಳಲ್ಲಿ ಅಲ್ಲಿಯೇ ಒಂದು ವಿದ್ಯಾಲಯವನ್ನು ಸ್ಥಾಪಿಸಿದನು. ಧರ್ಮಬೋಧೆಗೆ ಸಂಬಳ ತೆಗೆದುಕೊಳ್ಳುವುದು ಆ ಕಾಲದಲ್ಲಿ ರೂಢಿಯಾಗಿರಲಿಲ್ಲ. ದ್ರಾಕ್ಷಿಯ ಬೇಸಾಯದಿಂದ ಆತನ ಜೀವನ ಸಾಗುತ್ತಿತ್ತೆಂದು ಪ್ರತೀತಿ. ಆತನಿಗೆ ಗಂಡುಮಕ್ಕಳಿರಲಿಲ್ಲ. ಯೋಕೆಬೆದ್, ಮಿರ್ಯಾಮ್, ರಾಹೇಲ್ ಎಂಬ ಹೆಣ್ಣುಮಕ್ಕಳಿದ್ದರು. ವಿದ್ಯಾವಂಶವು ಈ ಹೆಣ್ಣುಮಕ್ಕಳ ಮನೆಗಳಲ್ಲಿಯೇ ಬೆಳೆಯಿತು. ಯೋಕೆಬೆದಳ ಮಕ್ಕಳಾದ ಸಮುವೇಲ ಮತ್ತು ಯಾಕೋಬರು ಮುಂದಿನ ತಲೆಮಾರಿನ ಅತ್ಯಂತ ಪ್ರಸಿದ್ಧ ಪಂಡಿತರಾದರು.

ರಾಶಿಯು ಬರೆದುದು ಮುಖ್ಯವಾಗಿ ಎರಡು ಟೀಕಾಗ್ರಂಥಗಳು. ಒಂದು, ಯೆಹೂದ್ಯರ ಧರ್ಮಶಾಸ್ತ್ರವಾದ ತಾಲ್ಮೂದಿನ ಬಹುಭಾಗಕ್ಕೆ. ಇನ್ನೊಂದು, ತೋರಾವೇ ಮೊದಲಾದ ಪವಿತ್ರ ಗ್ರಂಥಗಳಿಗೆ. ಆತನ ಮಾತು ಬಹು ಮಿತವಾದುದು. ಓದುಗನು ಎಲ್ಲಿ ತಡವರಿಸುವನೋ ಅಲ್ಲಿಯೇ ಒಂದೆರಡು ಮಾತು ಹೇಳಿ ಮುಂದೆ ಸಾಗುವನು. ಇಬ್ರಿಯ ಭಾಷೆಯ ಪದವು ಕಠಿಣವಾಗಿದ್ದರೆ, ತನ್ನ ಊರಿನ ಜನ ಮನೆಯಲ್ಲಿಯೂ ಪೇಟೆಯಲ್ಲಿಯೂ ಆಡುತ್ತಿದ್ದ ಫ್ರೆಂಚ್ ಪದವನ್ನು ಇಬ್ರಿಯ ಲಿಪಿಯಲ್ಲಿ ಪಕ್ಕಕ್ಕೆ ಬರೆದು ತಿಳಿಸುವನು. ಪವಿತ್ರ ಗ್ರಂಥಗಳ ಟೀಕೆಯಲ್ಲಿಯೇ ಇಂತಹ ಪದಗಳು ಸಾವಿರಕ್ಕೆ ಮಿಕ್ಕಿವೆ. ಹಳೆಯ ಫ್ರೆಂಚ್ ಭಾಷೆಯನ್ನು ಅಭ್ಯಸಿಸುವವರಿಗೆ ಇಂದಿಗೂ ಅವು ನಿಧಿಯಂತಿವೆ. ವಾಕ್ಯದ ಸರಳಾರ್ಥವನ್ನು ಹೇಳುವುದೂ, ಆ ಅರ್ಥಕ್ಕೆ ಹೊಂದುವ ಪೂರ್ವಿಕರ ಉಪದೇಶಗಳನ್ನು ಮಾತ್ರ ಆಯ್ದುಕೊಳ್ಳುವುದೂ ತನ್ನ ಉದ್ದೇಶವೆಂದು ಆತನು ತಿಳಿಸಿದ್ದಾನೆ. ನೀತಿಯನ್ನು ಹೊರಗಿನಿಂದ ತಂದು ವಾಕ್ಯದ ಮೇಲೆ ಹೊರಿಸದೆ, ವಾಕ್ಯದ ಒಳಗಿನಿಂದಲೇ ಹೊರಡಿಸುವುದು ಆತನ ಕ್ರಮ. ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು.

ನೋಹನ ಹೆಸರಿನ ವಾರದ ಭಾಗದಲ್ಲಿ ಬಾಬೆಲಿನ ಗೋಪುರದ ವೃತ್ತಾಂತವೂ ಸೇರಿದೆ. ದೇವರು ಆ ಗೋಪುರವನ್ನು ನೋಡುವುದಕ್ಕೆ ಇಳಿದು ಬಂದನೆಂದು ಅಲ್ಲಿ ಬರೆದಿದೆ. ಎಲ್ಲವನ್ನೂ ಕಾಣುವಾತನು ಇಳಿದು ಬರಬೇಕಾದುದೇಕೆ? ನ್ಯಾಯಾಧಿಪತಿಗಳು ಕಣ್ಣಾರೆ ಕಂಡು, ವಿಷಯವನ್ನು ಚೆನ್ನಾಗಿ ತಿಳಿದ ಹೊರತು ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಬಾರದೆಂದು ಕಲಿಸುವುದಕ್ಕೋಸ್ಕರವೇ ಎಂದು ರಾಶಿಯು ವಿವರಿಸುತ್ತಾನೆ. ನ್ಯಾಯಾಸ್ಥಾನಕ್ಕೆ ಸಲ್ಲುವ ಈ ಮಾತು ಮನೆಗೂ ತರಗತಿಗೂ ಅಷ್ಟೇ ಸಲ್ಲುವುದು.

ವಿಮೋಚನಕಾಂಡದಲ್ಲಿ ಐಗುಪ್ತದ ನದಿಯ ನೀರು ರಕ್ತವಾದಾಗ, ಕೋಲನ್ನು ಚಾಚಿದವನು ಮೋಶೆಯಲ್ಲ, ಅವನ ಅಣ್ಣನಾದ ಆರೋನನು. ಇದೇಕೆ? ಶಿಶುವಾಗಿದ್ದಾಗ ಮೋಶೆಯನ್ನು ಆ ನದಿಯೇ ಕಾಪಾಡಿತ್ತು. ತನ್ನನ್ನು ಉಳಿಸಿದ ನೀರನ್ನು ತಾನೇ ಹೊಡೆಯುವುದು ಅವನಿಗೆ ಯೋಗ್ಯವಲ್ಲ. ಹರಿಯುವ ನೀರಿಗೂ ಉಪಕಾರಸ್ಮರಣೆ ಸಲ್ಲುವುದಾದರೆ, ನಮ್ಮನ್ನು ಹೊತ್ತು ಹೆತ್ತು ಓದಿಸಿದವರಿಗೆ ಎಷ್ಟು ಸಲ್ಲಬೇಕು!

ಅದೇ ಗ್ರಂಥದಲ್ಲಿ ದಶಾಜ್ಞೆಗಳ ತರುವಾಯ, ಯಜ್ಞವೇದಿಯನ್ನು ಮೆಟ್ಟಲುಗಳಿಂದ ಹತ್ತಬಾರದೆಂಬ ಸಣ್ಣದೊಂದು ವಿಧಿಯಿದೆ. ಮೆಟ್ಟಲುಗಳನ್ನು ಏರುವಾಗ ದೊಡ್ಡ ಹೆಜ್ಜೆಯಿಡಬೇಕಾಗುವುದು. ಅದು ಕೆಳಗಿರುವ ಕಲ್ಲುಗಳಿಗೆ ಅಗೌರವ. ಕಲ್ಲಿಗೆ ಮಾನವಿಲ್ಲ, ಅವಮಾನವೂ ಇಲ್ಲ. ಆದರೂ ಅದರಿಂದ ನಮಗೆ ಉಪಯೋಗವಿರುವುದರಿಂದ ಅದನ್ನು ಹೀನವಾಗಿ ಕಾಣಬಾರದು. ಹಾಗಿರುವಲ್ಲಿ, ಸೃಷ್ಟಿಕರ್ತನ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟು, ಅವಮಾನಕ್ಕೆ ನೊಂದುಕೊಳ್ಳುವ ಮನುಷ್ಯನನ್ನು ನಾಚಿಕೆಪಡಿಸುವುದು ಎಷ್ಟು ದೊಡ್ಡ ತಪ್ಪಾಗಬೇಕೆಂದು ರಾಶಿಯು ಕೇಳುತ್ತಾನೆ. ಈ ಪಾಠವನ್ನು ವಾಚಕರು ನೆನಪಿನಲ್ಲಿಡಬೇಕು. ಇದು ಮುಂದೆ ಬರುವ ಸಂಗತಿಗೆ ಸಂಬಂಧಪಟ್ಟದ್ದು.

ಸ್ತ್ರೀಯರಿಗೆ ಸಂಬಂಧಿಸಿದ ಎರಡು ಸ್ಥಳಗಳನ್ನು ಇಲ್ಲಿ ಬಿಡಲಾಗದು. ದೇವದರ್ಶನದ ಗುಡಾರದ ತಾಮ್ರದ ಗಂಗಾಳವನ್ನು ಸ್ತ್ರೀಯರು ಕೊಟ್ಟ ದರ್ಪಣಗಳಿಂದ ಮಾಡಿದರೆಂದು ಬರೆದಿದೆ. ಅಲಂಕಾರದ ವಸ್ತುಗಳೆಂದು ಮೋಶೆಯು ಅವನ್ನು ತಿರಸ್ಕರಿಸಿದನಂತೆ. ಆದರೆ ದೇವರು, ಈ ಕಾಣಿಕೆಯೇ ತನಗೆ ಎಲ್ಲಕ್ಕಿಂತ ಪ್ರಿಯವಾದುದೆಂದು ತಿಳಿಸಿ ಅದನ್ನು ಅಂಗೀಕರಿಸಿದನಂತೆ. ಐಗುಪ್ತದಲ್ಲಿ ಬಿಟ್ಟಿದುಡಿಮೆಯಿಂದ ಬಳಲಿದ ಗಂಡಂದಿರಿಗೆ ಈ ಸ್ತ್ರೀಯರು ಅನ್ನಪಾನಗಳನ್ನು ಒಯ್ದು, ಅದೇ ದರ್ಪಣಗಳ ಮುಂದೆ ನಗುನಗುತ್ತಾ ಅವರಿಗೆ ಬಾಳಿನಲ್ಲಿ ಆಸೆ ಹುಟ್ಟಿಸಿ, ಜನಾಂಗವು ಅಳಿಯದಂತೆ ಉಳಿಸಿದವರು. ಪೂರ್ವಿಕರ ಈ ಉಪದೇಶವನ್ನು ರಾಶಿಯು ಆಯ್ದು ತನ್ನ ಟೀಕೆಯಲ್ಲಿರಿಸಿದನು. ಇನ್ನೊಂದು, ಅರಣ್ಯಕಾಂಡದಲ್ಲಿ ಬರುವ ಚಲ್ಪಹಾದನ ಐವರು ಹೆಣ್ಣುಮಕ್ಕಳ ಸಂಗತಿ. ಗಂಡುಮಕ್ಕಳಿಲ್ಲದೆ ಸತ್ತ ತಂದೆಯ ಸ್ವಾಸ್ತ್ಯವು ತಮಗೆ ಬರಬೇಕೆಂದು ಅವರು ಮೋಶೆಯ ಮುಂದೆ ನಿಂತು ಕೇಳಿದರು. ಅವರ ಮಾತು ನ್ಯಾಯವೆಂದು ದೇವರು ತೀರ್ಪಿತ್ತನು. ಮೋಶೆಯ ಕಣ್ಣಿಗೆ ಕಾಣದುದು ಈ ಹೆಣ್ಣುಮಕ್ಕಳ ಕಣ್ಣಿಗೆ ಕಂಡಿತೆಂದು ರಾಶಿಯು ಅಲ್ಲಿ ಬರೆಯುತ್ತಾನೆ. ಹೆಣ್ಣುಮಕ್ಕಳನ್ನೇ ಪಡೆದ ತಂದೆಯೊಬ್ಬನು ಈ ಸಾಲನ್ನು ಬರೆದನೆಂಬುದನ್ನು ನಾವು ಮರೆಯಲಾರೆವು.

ಇಷ್ಟು ಪಾಠಗಳನ್ನು ಕಂಡ ಈ ಗುರುವು, ಕಾಣದಿದ್ದಲ್ಲಿ ಕಂಡೆನೆಂದು ಹೇಳಲಿಲ್ಲ. ಯಾಕೋಬನ ವೃತ್ತಾಂತದಲ್ಲಿ ಒಂದು ಕಡೆ ರೆಬೆಕ್ಕಳನ್ನು ಯಾಕೋಬ ಏಸಾವರ ತಾಯಿಯೆಂದು ಹೇಳಿದೆ. ಇದು ಓದುಗನಿಗೆ ಮೊದಲೇ ತಿಳಿದ ವಿಷಯ, ಮತ್ತೊಮ್ಮೆ ಹೇಳಿದ್ದೇಕೆ? ಇದರಿಂದ ಕಲಿಯಬೇಕಾದುದೇನೆಂದು ತನಗೆ ತಿಳಿಯದೆಂದು ರಾಶಿಯು ಬರೆದಿಟ್ಟನು. ಸುಮ್ಮನೆ ದಾಟಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮೊಮ್ಮಗನಾದ ಸಮುವೇಲನು ಕೆಲವು ವಾಕ್ಯಗಳ ಅರ್ಥದಲ್ಲಿ ಅಜ್ಜನೊಡನೆ ವಾದಿಸುತ್ತಿದ್ದನು. ದಿನದಿನವೂ ಹೊಸದಾಗಿ ತೋರುವ ಸರಳಾರ್ಥಗಳಿಗೆ ಅನುಸಾರವಾಗಿ, ಸಮಯವಿದ್ದಲ್ಲಿ ಬೇರೆ ಟೀಕೆಗಳನ್ನು ಬರೆಯಬೇಕಾಗಿತ್ತೆಂದು ಆ ವೃದ್ಧನು ಒಪ್ಪಿಕೊಂಡನೆಂದು ಮೊಮ್ಮಗನೇ ತನ್ನ ಗ್ರಂಥದಲ್ಲಿ ನೆನೆದಿದ್ದಾನೆ. ಶಿಷ್ಯನ ಮುಂದೆ ಸೋಲನ್ನು ಒಪ್ಪುವುದು ಗುರುವಿಗೆ ಕುಂದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ರಾಶಿಯ ಜೀವಿತದ ಕೊನೆಯ ವರ್ಷಗಳು ದುಃಖದವು. 1095ರಲ್ಲಿ ಎರಡನೆಯ ಅರ್ಬನ್ ಪೋಪನು ಪುಣ್ಯಭೂಮಿಯ ಬಿಡುಗಡೆಗಾಗಿ ಯುದ್ಧಯಾತ್ರೆಯನ್ನು ಸಾರಿದನು. 1096ರ ವಸಂತದಲ್ಲಿ ಶಿಲುಬೆಯ ಗುರುತನ್ನು ಧರಿಸಿದ ಗುಂಪುಗಳು ರೈನ್ ತೀರದ ಪಟ್ಟಣಗಳಿಗೆ ನುಗ್ಗಿ, ನಿರಪರಾಧಿಗಳಾದ ಯೆಹೂದ್ಯರನ್ನು ಕೊಂದವು. ಷ್ಪೈಯರ್ ಪಟ್ಟಣದ ಬಿಷಪನು ಬಹುಮಂದಿಗೆ ಆಶ್ರಯ ಕೊಟ್ಟು ಉಳಿಸಿದನು. ಆದರೆ ರಾಶಿಯು ಓದಿದ ವೋರ್ಮ್ಸ್, ಮೈಂಟ್ಸ್ ಪಟ್ಟಣಗಳಲ್ಲಿ ಸ್ತ್ರೀಯರೂ ಮಕ್ಕಳೂ ಸೇರಿ ನೂರಾರು ಜನರು ಹತರಾದರು. ಆತನು ಪಾಠ ಕೇಳಿದ ಸ್ಥಳಗಳೇ ಶೋಕಸ್ಥಳಗಳಾದವು. ಕ್ರಿಸ್ತನ ಹೆಸರನ್ನು ಹೇಳಿಕೊಂಡು ನಡೆದ ಈ ಕೃತ್ಯವನ್ನು ನಾಚಿಕೆಯಿಂದ ನೆನೆಯುವುದು ನಮ್ಮ ಕರ್ತವ್ಯ.

ಪ್ರಾಣಭಯದಿಂದ ದೀಕ್ಷಾಸ್ನಾನಕ್ಕೆ ತಲೆಯೊಡ್ಡಿದವರೂ ಅನೇಕರಿದ್ದರು. 1097ರಲ್ಲಿ ನಾಲ್ಕನೆಯ ಹೆನ್ರಿ ಚಕ್ರವರ್ತಿಯು ಅವರು ತಮ್ಮ ಮತಕ್ಕೆ ಹಿಂದಿರುಗಬಹುದೆಂದು ಅಪ್ಪಣೆ ಕೊಟ್ಟನು. ಆಗ ಒಂದು ಕಠಿಣವಾದ ಪ್ರಶ್ನೆ ಎದ್ದಿತು. ಸತ್ತವರ ಬಂಧುಗಳು ಎದುರಿಗೆ ನಿಂತಿರುವಾಗ, ಮಣಿದು ಬದುಕಿದವರನ್ನು ಹೇಗೆ ಬರಮಾಡಿಕೊಳ್ಳಬೇಕು? ಅವರೊಡನೆ ಪಾನಪಂಕ್ತಿ ಇರಬಹುದೇ? ಇಂತಹ ಪ್ರಶ್ನೆಗಳು ಬಂದಾಗ ರಾಶಿಯು, ಕತ್ತಿಯ ಭಯದಿಂದ ನಡೆದುದನ್ನು ಹಿಡಿದು ಅವರನ್ನು ದೂರವಿಡಬಾರದು, ನಾಚಿಕೆಪಡಿಸಬಾರದು ಎಂದು ತೀರ್ಪು ಕೊಟ್ಟನು. ಯಜ್ಞವೇದಿಯ ಕಲ್ಲುಗಳಿಂದ ಕಲಿಸಿದ ಪಾಠವು ಹೀಗೆ ಜೀವಂತ ಮನುಷ್ಯರ ಮೇಲೆ ಪರೀಕ್ಷೆಗೆ ನಿಂತಿತು. ಗುರುವು ತನ್ನ ಪಾಠಕ್ಕೆ ತಪ್ಪಲಿಲ್ಲ. ವಾರವಾರವೂ ಓದಿ ನೀತಿಯನ್ನು ಹೇಳುವುದು ಸುಲಭ. ನೊಂದ ಮನಸ್ಸು ಸೇಡನ್ನು ಬಯಸುವ ದಿನದಲ್ಲಿ ಆ ನೀತಿಯನ್ನು ನಡೆಸುವುದೇ ಕಷ್ಟ.

1105ರಲ್ಲಿ ರಾಶಿಯು ಟ್ರ್ವಾ ಪಟ್ಟಣದಲ್ಲಿ ಕಾಲವಾದನು. ಆತನ ಟೀಕೆಯು ಕೈಬರಹಗಳಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹಬ್ಬಿತು. ಅಚ್ಚಿನ ವರ್ಷವನ್ನು ಕಾಣಿಸಿದ ಇಬ್ರಿಯ ಪುಸ್ತಕಗಳಲ್ಲಿ ಮೊದಲನೆಯದು, 1475ರಲ್ಲಿ ಇಟಲಿಯ ರೆಜ್ಜೋ ಪಟ್ಟಣದಲ್ಲಿ ಅಚ್ಚಾದ ಇದೇ ತೋರಾ ಟೀಕೆ. ಪ್ರತಿಯೊಬ್ಬ ಯೆಹೂದ್ಯನು ವಾರದ ಭಾಗವನ್ನು ಮೂಲದಲ್ಲಿ ಎರಡು ಬಾರಿ, ಅರಾಮ್ಯ ಭಾಷಾಂತರದಲ್ಲಿ ಒಂದು ಬಾರಿ ಓದಬೇಕೆಂಬುದು ಹಿಂದಿನ ವಿಧಿ. ಹದಿನಾರನೆಯ ಶತಮಾನದ ಧರ್ಮಶಾಸ್ತ್ರಜ್ಞರು ಆ ಭಾಷಾಂತರಕ್ಕೆ ಸಮನಾದ ಸ್ಥಾನವನ್ನು ರಾಶಿಯ ಟೀಕೆಗೂ ಕೊಟ್ಟರು. ಕ್ರೈಸ್ತರೂ ಆತನಿಗೆ ಋಣಿಗಳು. ಹದಿನಾಲ್ಕನೆಯ ಶತಮಾನದಲ್ಲಿ ಲೈರಾದ ನಿಕೊಲಾಸನೆಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯು ಹಳೆಯ ಒಡಂಬಡಿಕೆಗೆ ಟೀಕೆ ಬರೆಯುವಾಗ ರಾಶಿಯನ್ನು ಬಹಳವಾಗಿ ಆಶ್ರಯಿಸಿದನು. ನಿಕೊಲಾಸನ ಆ ಗ್ರಂಥವು ಮಾರ್ಟಿನ್ ಲೂಥರನ ಕೈಯಲ್ಲಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ರಾಶಿಗೆ ಯೆರೂಸಲೇಮಿನಲ್ಲಿ ಒಬ್ಬ ಶ್ರೇಷ್ಠ ಶಿಷ್ಯೆ ದೊರೆತಳು. ನೆಹಾಮಾ ಲೈಬೊವಿಟ್ಸ್ ಎಂಬ ಉಪಾಧ್ಯಾಯಿನಿಯು, ಕೆಲವು ಸ್ತ್ರೀಯರ ಅಪೇಕ್ಷೆಯ ಮೇರೆಗೆ, 1942ರಿಂದ ವಾರದ ಭಾಗವನ್ನು ಕುರಿತ ಪ್ರಶ್ನೆಗಳ ಹಾಳೆಯನ್ನು ಅಂಚೆಯಲ್ಲಿ ಕಳುಹಿಸತೊಡಗಿದಳು. ಬೇಸಾಯಗಾರರೂ ಸೈನಿಕರೂ ಗೃಹಿಣಿಯರೂ ಉತ್ತರ ಬರೆದು ಕಳುಹಿಸಿದರೆ, ಆಕೆಯು ಅವನ್ನು ತಿದ್ದಿ ಹಿಂದಕ್ಕೆ ಕಳುಹಿಸುತ್ತಿದ್ದಳು. ಈ ವಾಕ್ಯದಲ್ಲಿ ರಾಶಿಗೆ ತೊಡಕಾಗಿ ತೋರಿದುದೇನು ಎಂಬುದು ಆಕೆಯ ನಿತ್ಯದ ಪ್ರಶ್ನೆ. 1997ರಲ್ಲಿ ಆಕೆಯು ತೀರಿಕೊಂಡಾಗ, ಸಮಾಧಿಯ ಕಲ್ಲಿನ ಮೇಲೆ ಹೆಸರಿನೊಡನೆ ಉಪಾಧ್ಯಾಯಿನಿ ಎಂಬ ಬಿರುದನ್ನು ಮಾತ್ರ ಕೆತ್ತಿದರು. ಮೋಶೆಗೆ ಕಾಣದುದು ಹೆಣ್ಣುಮಕ್ಕಳಿಗೆ ಕಂಡಿತೆಂದು ಬರೆದವನಿಗೆ ಇದಕ್ಕಿಂತ ತಕ್ಕ ಶಿಷ್ಯೆ ಎಲ್ಲಿ ಸಿಕ್ಕಾಳು?

ಪ್ರಿಯ ಸೋದರಿಯರೇ, ಶಾಲೆಯನ್ನು ಬಿಟ್ಟು ಮನೆವಾರ್ತೆಯಲ್ಲಿ, ಕೆಲಸಗಳಲ್ಲಿ ತೊಡಗಿರುವ ನಮಗೆ ಬಾಲ್ಯದಲ್ಲಿ ಬಾಯಿಪಾಠ ಮಾಡಿದ ವಾಕ್ಯಗಳು ಪರಿಚಿತವೆಂಬ ಕಾರಣದಿಂದಲೇ ಮಂಕಾಗಿರಬಹುದು. ವಾರಕ್ಕೊಂದು ಭಾಗವನ್ನು ತೆರೆದು, ಇಲ್ಲಿ ಈ ಮಾತೇಕೆ ಬಂದಿತೆಂದು ಒಂದೇ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅವು ಪುನಃ ಬೆಳಗುವುವು. ಉತ್ತರ ತೋರದಿದ್ದಲ್ಲಿ ತಿಳಿಯದೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳೋಣ. ತೋರಿದಲ್ಲಿ ಅದನ್ನು ಮೊದಲು ನಮ್ಮ ಮನೆಯ ಹೊಸ್ತಿಲಿನೊಳಗೆ, ನಮ್ಮಿಂದ ಅವಮಾನಕ್ಕೊಳಗಾಗಬಹುದಾದವರ ವಿಷಯದಲ್ಲಿ ನಡೆಸಿ ನೋಡೋಣ. ಟ್ರ್ವಾ ಪಟ್ಟಣದ ಗುರುವು ತನ್ನ ಶಿಷ್ಯರಿಂದ ಬಯಸಿದ್ದು ಇದನ್ನೇ.