ವಾಣೀವಿಲಾಸ ಸನ್ನಿಧಾನ

ತುಮಕೂರಿನ ಸತ್ಯಮಂಗಲದಿಂದ ಶಿರಾ ಮಾರ್ಗವಾಗಿ ಹಿರಿಯೂರಿನ ಕಡೆಗೆ ಹೋದಾಗಲೆಲ್ಲ ನಾನು ಮಾರಿಕಣಿವೆಯ ಕಟ್ಟೆಯ ಬಳಿ ಸ್ವಲ್ಪ ಹೊತ್ತು ನಿಲ್ಲುವುದುಂಟು. ವೇದಾವತಿಯನ್ನು ತಡೆದು ನಿಲ್ಲಿಸಿದ ಆ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರು. ಅದು ಸರಸ್ವತಿಯ ಹೆಸರೆಂದು ತಿಳಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ವಾಸ್ತವವಾಗಿ ಅದು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು.

ಕಳಲೆಯ ಅರಸು ಮನೆತನದಲ್ಲಿ 1866ರಲ್ಲಿ ಜನಿಸಿದ ಅವರು 1878ರಲ್ಲಿ ಹತ್ತನೆಯ ಚಾಮರಾಜ ಒಡೆಯರ ಕೈಹಿಡಿದರು. 1894ರ ಡಿಸೆಂಬರ್ 28ರಂದು ಒಡೆಯರು ಕಲ್ಕತ್ತೆಯಲ್ಲಿ ಗಂಟಲುಮಾರಿಗೆ ತುತ್ತಾದರು. ಮಹಾರಾಣಿಯವರಿಗೆ ಆಗ 28 ವರ್ಷ. ಪಟ್ಟಕ್ಕೆ ಬಂದ ಮಗ ಕೃಷ್ಣರಾಜರಿಗೆ ಹತ್ತು. ಗಂಡನನ್ನು ಕಳೆದುಕೊಂಡವಳು ಮೂಲೆ ಸೇರಬೇಕೆಂದು ಲೋಕ ವಿಧಿಸಿದ್ದ ಕಾಲವದು. ಇವರ ಪಾಲಿಗೆ ಬಂದುದು ರಾಜ್ಯಭಾರ.

ಅದೇ ದಶಕದಲ್ಲಿ ಹಾಲೆಂಡಿನ ರಾಣಿ ಎಮ್ಮಾ ಸಹ ಎಳೆಯ ಮಗಳು ವಿಲ್ಹೆಲ್ಮಿನಾಳ ಪರವಾಗಿ 1898ರವರೆಗೆ ಆಳುತ್ತಿದ್ದಳು. ಆದರೆ ಅವಳ ನೆತ್ತಿಯ ಮೇಲೆ ಪರದೇಶದ ರೆಸಿಡೆಂಟನಿರಲಿಲ್ಲ.

ಈ ರೀಜೆನ್ಸಿಯ ಕೀರ್ತಿಯನ್ನೆಲ್ಲ ದಿವಾನ್ ಶೇಷಾದ್ರಿ ಅಯ್ಯರ್ ಅವರಿಗೇ ಸಲ್ಲಿಸುವುದು ನಮ್ಮಲ್ಲಿ ವಾಡಿಕೆ. ಆ ಮೇಧಾವಿಗೆ ಅದರ ಬಹುಪಾಲು ಸಲ್ಲತಕ್ಕದ್ದೇ. ಆದರೂ ನಡೆದ ಸಂಗತಿಗಳನ್ನು ಸಾಲಾಗಿ ನೋಡಬೇಕು. 1897ರಲ್ಲಿ ಹಿರಿಯ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಬೆಂಗಳೂರಿಗೆ ಪ್ಲೇಗು ನುಗ್ಗಿತು. ಅಂಥ 1898ರಲ್ಲೇ ಮಾರಿಕಣಿವೆಯ ಕೆಲಸ ಮೊದಲಾಯಿತು! ಕೈಬಿಡಲು ನೆಪಗಳಿಗೆ ಕೊರತೆಯಿರಲಿಲ್ಲ. ಮುಂದೆ 1901ರಲ್ಲಿ ಶೇಷಾದ್ರಿ ಅಯ್ಯರ್ ನಿವೃತ್ತರಾಗಿ ಅದೇ ವರ್ಷ ತೀರಿಕೊಂಡರು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಅಧಿಕಾರದಲ್ಲಿ ಉಳಿದಿದ್ದವರು ಮಹಾರಾಣಿ. ದಿವಾನರಿಲ್ಲದೆಯೂ ಕಾರ್ಯ ನಿಲ್ಲಲಿಲ್ಲವೆಂಬುದನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ಆ ಆಗಸ್ಟ್ 8ರಂದು, ವೈಸರಾಯ್ ಕರ್ಜನ್ನನ ಸಮಕ್ಷಮದಲ್ಲಿ, ಅಧಿಕಾರವು ಮಗನಿಗೆ ಸಂದಿತು. ಮಹಾರಾಣಿಯವರಿಗೆ ಆಗ ಇನ್ನೂ 36. ರಾಜಮಾತೆಯಾಗಿ ಮತ್ತೆ 32 ವರ್ಷ ಬದುಕಿ 1934ರ ಜುಲೈಯಲ್ಲಿ ಅವರು ಕಾಲವಾದರು. ಬೆಂಗಳೂರಿನ ವಾಣೀವಿಲಾಸ ಆಸ್ಪತ್ರೆಯ ಹೆಸರೂ ಅವರದೇ.

ಮಾರಿಕಣಿವೆ ಕೋಡಿ ಬಿದ್ದದ್ದು 1933ರಲ್ಲಿ, ಅವರು ಇನ್ನೂ ಬದುಕಿದ್ದಾಗ. ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ನೋಡಲು ಆ ಸೆಪ್ಟೆಂಬರಿನಲ್ಲಿ ನಾನೂ ಹೋಗಿದ್ದೆ.